ಹೊಸ ಧಕ್ಕೆಯ ಟೀಚರು

ಆ ಊರಿನಲ್ಲಿ ಈಜು ಬಲ್ಲ ಯಾರನ್ನಾದರೂ ನಿಲ್ಲಿಸಿ, ನಿಮಗೆ ಕಲಿಸಿದವರು ಯಾರು ಎಂದು ಕೇಳಿದರೆ ಒಂದೇ ಉತ್ತರ ಬರುತ್ತಿತ್ತು: ಈಜಕ್ಕ. ಪುರಸಭೆಯ ಅಧ್ಯಕ್ಷರಿಂದ ಹಿಡಿದು ಲಾಂಚಿನ ಟಿಕೆಟ್ ಹರಿಯುವವನವರೆಗೆ ಎಲ್ಲರೂ ಅವಳ ಕೈಯಲ್ಲಿ ಉಪ್ಪುನೀರು ಕುಡಿದವರೇ. ಹಗಲೆಲ್ಲ ಅವಳಿಗೆ ಬಂದರಿನ ಐಸ್ ಕಾರ್ಖಾನೆಯಲ್ಲಿ ಕೆಲಸ. ಐಸಿನ ದಿಮ್ಮಿಗಳನ್ನು ಕೊಕ್ಕೆಯಿಂದ ಎಳೆದು, ಪುಡಿ ಮಾಡುವ ಯಂತ್ರದ ಬಾಯಿಗೆ ಕೊಟ್ಟು, ದೋಣಿಗಳಿಗೆ ತುಂಬಿಸಿ ಕಳಿಸಬೇಕು. ಸಂಜೆ ಕೆಲಸ ಮುಗಿಸಿದವಳು ನೇರ ಮನೆಗೆ ಹೋಗುತ್ತಿರಲಿಲ್ಲ. ದೋಣಿಗಳು ಬಂದು ನಿಲ್ಲುವ ಹಳೆಯ ಕಲ್ಲಿನ ಧಕ್ಕೆಗೆ ಬಂದು, ಅದರ ಪಕ್ಕದಿಂದ ನೀರಿಗೆ ಇಳಿಯುವ ಪಾಚಿಗಟ್ಟಿದ ಮೆಟ್ಟಿಲುಗಳ ಮೇಲೆ ನಿಲ್ಲುತ್ತಿದ್ದಳು. ಅಷ್ಟರಲ್ಲಿ ಮಕ್ಕಳ ಸಾಲು ಸೇರಿರುತ್ತಿತ್ತು.

ಅವಳು ಕಲಿಸುವ ರೀತಿ ಬಹಳ ಸರಳ. ಸೊಂಟಕ್ಕೆ ಹಗ್ಗ ಬಿಗಿಯುವಳು, ನೀರಿನ ಅಂಚಿನ ಮೆಟ್ಟಿಲ ಮೇಲೆ ನಿಲ್ಲಿಸುವಳು, ನಿನ್ನೆ ಏನು ಊಟ ಮಾಡಿದೆ ಎಂದು ಮಾತಿಗೆ ಎಳೆಯುವಳು. ಮಗು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನೂಕಿಬಿಡುವಳು. "ಉಸಿರು ಬೇಕಾದವನು ಕೈ ಆಡಿಸೇ ಆಡಿಸ್ತಾನೆ," ಎನ್ನುವುದು ಅವಳ ಸಿದ್ಧಾಂತ. ನಗುತ್ತ ಮೇಲೆ ಬಂದವರು ಮಾರನೆಯ ದಿನವೂ ಬರುತ್ತಿದ್ದರು. ಅಳುತ್ತ ಬಂದವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹಾಗೆ ಬಿಟ್ಟು ಹೋದವರ ಲೆಕ್ಕ ಈಜಕ್ಕ ಇಟ್ಟವಳಲ್ಲ. ಯಾರಿಂದಲೂ ಅವಳು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಬೀದಿಯಲ್ಲಿ ನಡೆದರೆ ದೊಡ್ಡ ದೊಡ್ಡ ಮೀಸೆಯವರು "ಅಕ್ಕ, ಆರಾಮಾ?" ಎಂದು ದಾರಿ ಬಿಡುತ್ತಿದ್ದರು. ಅವಳಿಗೆ ಅಷ್ಟು ಸಾಕಿತ್ತು.

ಮನೆ ಧಕ್ಕೆಯ ಹಿಂದಿನ ಬೀದಿಯಲ್ಲಿ. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳು, ಹಿತ್ತಿಲು ಒಂದೇ. ಒಂದು ಮನೆಯಲ್ಲಿ ಈಜಕ್ಕ, ದೋಣಿಯ ಎಂಜಿನ್ ರಿಪೇರಿ ಮಾಡುವ ಅವಳ ಗಂಡ, ಮತ್ತು ಅತ್ತೆ. ಇನ್ನೊಂದರಲ್ಲಿ ಮೈದುನ, ಅವನ ಹೆಂಡತಿ. ಅತ್ತೆ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಸಮುದ್ರದ ಬದಿಯಲ್ಲೇ. ಗಂಡ ಬದುಕಿದ್ದಷ್ಟು ದಿನವೂ ಮೀನಿಗೆ ಹೋದವನು. ಆದರೂ ಮುದುಕಿ ಪಾದ ಮುಳುಗುವಷ್ಟು ನೀರಿಗಿಂತ ಮುಂದೆ ಹೋದವಳಲ್ಲ. "ಸಮುದ್ರಾನೂ ಗಂಡಸರ ಹಾಗೇ. ದೂರದಿಂದ ನೋಡೋಕೆ ಚೆಂದ," ಎನ್ನುತ್ತಿದ್ದಳು. ಈಜಕ್ಕ ಪ್ರತಿ ಬೇಸಿಗೆಯಲ್ಲೂ "ಬನ್ನಿ ಅತ್ತೆ, ಒಂದು ವಾರದಲ್ಲಿ ಕಲಿಸ್ತೀನಿ," ಎಂದು ಕರೆಯುವಳು. ಅತ್ತೆ ಪ್ರತಿ ಬೇಸಿಗೆಯಲ್ಲೂ ಕೈ ಮುಗಿಯುವಳು.

ಓರಗಿತ್ತಿ ಬಂದದ್ದು ಒಳನಾಡಿನ ಒಣ ಊರಿನಿಂದ. ಬಟ್ಟೆ ಹೊಲಿಯುವ ಕೆಲಸ ಬಲ್ಲವಳು. ಮಾತು ಕಡಿಮೆ, ಎದುರಿನವರ ಮಾತು ಮುಗಿಯುವ ತನಕ ಕಾಯುವ ಸ್ವಭಾವ. ಬಂದ ಹೊಸತರಲ್ಲಿ ಈಜಕ್ಕ ಅವಳನ್ನೂ ಮೆಟ್ಟಿಲಿಗೆ ಕರೆದೊಯ್ದು, ಮಾತಾಡಿಸಿ, ನೂಕಿದ್ದಳು. ಹುಡುಗಿ ನೀರು ಕುಡಿದು, ಕೂಗಿ, ಅತ್ತು ರಂಪ ಮಾಡಿದರೂ ಮಳೆಗಾಲ ಬರುವ ಹೊತ್ತಿಗೆ ಈಜಲು ಕಲಿತಳು. "ಬಾವಿ ನೀರು ಬಿಟ್ರೆ ಬೇರೆ ನೀರು ಕಾಣದವಳನ್ನ ಸಮುದ್ರಕ್ಕಿಳಿಸಿದೆ," ಎಂದು ಈಜಕ್ಕ ಊರೆಲ್ಲ ಹೇಳಿಕೊಂಡು ಬಂದಳು. ಅತ್ತೆಗೆ ಕಿರಿಸೊಸೆಯ ಮೇಲೆ ಪ್ರೀತಿ ಒಂದು ತೂಕ ಹೆಚ್ಚು ಎಂಬುದು ಅವಳಿಗೆ ಗೊತ್ತಿತ್ತು. ಇರಲಿ ಬಿಡು ಎಂದುಕೊಂಡಿದ್ದಳು. ಊರಿಗೆ ಊರೇ ತನ್ನದಾಗಿರುವಾಗ ಒಬ್ಬ ಮುದುಕಿಯನ್ನು ಬಿಟ್ಟುಕೊಡುವುದು ಕಷ್ಟವಲ್ಲ.

ಹೀಗಿರುವಾಗ ಧಕ್ಕೆ ಕುಸಿಯತೊಡಗಿತು. ಮೊದಲು ಒಂದು ತೊಲೆ ಮುರಿದು ನೀರಿಗೆ ಬಿತ್ತು, ಆಮೇಲೆ ಕಲ್ಲುಗಳ ನಡುವೆ ಬಿರುಕು ಬಿಟ್ಟು ಬೆಕ್ಕಿನ ಮರಿ ಒಳಗೆ ಸಿಕ್ಕಿಕೊಳ್ಳುವಷ್ಟಾಯಿತು. "ಧಕ್ಕೆಗೇ ಧಕ್ಕೆ ಬಂತಲ್ಲಪ್ಪ," ಎಂದು ಟಿಕೆಟ್ಟಿನವನು ಬಂದವರಿಗೆಲ್ಲ ಹೇಳಿ ತಾನೇ ನಕ್ಕ. ಕೊನೆಗೆ ಪುರಸಭೆ ಧಕ್ಕೆಯನ್ನೂ ಅದರ ಎರಡೂ ಬದಿಯ ಕಡಲಂಚನ್ನೂ ಹೊಸದಾಗಿ ಕಟ್ಟಿಸಲು ಮುಂದಾಯಿತು. ಜನರ ಅಭಿಪ್ರಾಯ ಕೇಳಲು ಶಾಲೆಯ ಹಾಲಿನಲ್ಲಿ ಸಭೆ ಕರೆದರು.

ದೊಡ್ಡವರೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಎಂಜಿನಿಯರ್ ಹೆಂಗಸು ಕರಿಹಲಗೆಯ ಮೇಲೆ ನಕ್ಷೆ ತೂಗುಹಾಕಿ ನಿಂತಿದ್ದಳು. ದೋಣಿಯವರು ದೀಪ ಕೇಳಿದರು, ಮೀನಿನ ವ್ಯಾಪಾರದವರು ನೆರಳು ಕೇಳಿದರು. ಈಜಕ್ಕ ಅವತ್ತು ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿ, ಮಾತು ಸಿದ್ಧ ಮಾಡಿಕೊಂಡು ಬಂದಿದ್ದಳು. ಎದ್ದು ನಿಂತು, "ಏನು ಬೇಕಾದ್ರೂ ಕಟ್ಕೊಳ್ಳಿ, ಮೆಟ್ಟಿಲಿಗೆ ಮಾತ್ರ ಕೈ ಹಾಕಬೇಡಿ. ಅರ್ಧ ಊರು ಅಲ್ಲೇ ಈಜು ಕಲಿತಿದೆ," ಎಂದಳು. ಚಪ್ಪಾಳೆ ಬಿತ್ತು. ಅವಳು ಕೂರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಎದ್ದಿತು. ಓರಗಿತ್ತಿ.

"ಅರ್ಧ ಊರು ಅಂದ್ರಲ್ಲ ಅಕ್ಕ... ಇನ್ನರ್ಧ ಊರು ಎಲ್ಲಿಂದ ನೀರಿಗಿಳೀಬೇಕು?"

ಎಲ್ಲರೂ ಹಿಂದೆ ತಿರುಗಿ ನೋಡಿದರು. "ಇನ್ನರ್ಧ ಅಂದ್ರೆ ಯಾರಮ್ಮ?" ಎಂದು ಎಂಜಿನಿಯರ್ ಕೇಳಿದಳು.

"ಹೆದರೋರು. ವಯಸ್ಸಾದೋರು. ಕಾಲು ಸರಿ ಇಲ್ದೋರು. ಹೆಂಗಸರು," ಎಂದಳು ಓರಗಿತ್ತಿ. ಇಷ್ಟು ಮಾತಾಡಿದವಳು ತಾನೇನಾ ಎಂದು ಗಾಬರಿಯಾಗಿ ಕೂತಳು.

ಎಂಜಿನಿಯರ್ ಅದನ್ನು ಬರೆದುಕೊಂಡಳು. ಈಜಕ್ಕನ ಮಾತಿಗೆ ಚಪ್ಪಾಳೆ ಸಿಕ್ಕಿತ್ತು, ಓರಗಿತ್ತಿಯ ಮಾತಿಗೆ ಪೆನ್ನು ಓಡಿತ್ತು. ಗುರುವಿಗೇ ತಿರುಮಂತ್ರ ಹಾಕಿದಳಲ್ಲ ಎಂದು ಈಜಕ್ಕನ ಮೈಯೆಲ್ಲ ಉರಿಯಿತು. ಮನೆಗೆ ಮರಳುವ ದಾರಿಯುದ್ದಕ್ಕೂ ಜನ ಓರಗಿತ್ತಿಯನ್ನೇ ಮಾತಾಡಿಸಿದರು. ಈಜಕ್ಕ ಚಪ್ಪಲಿ ಕಿತ್ತಿದೆ ಎಂಬ ನೆಪ ತೆಗೆದು ಹಿಂದೆ ಉಳಿದಳು. ಚಪ್ಪಲಿ ಚೆನ್ನಾಗಿಯೇ ಇತ್ತು.

ನಕ್ಷೆ ಬದಲಾಯಿತು. ಧಕ್ಕೆಯ ಪಕ್ಕದಲ್ಲಿ ಬಂಡೆಗಳ ತಡೆಗೋಡೆ ಹಾಕಿ, ಅಲೆ ಹೊಡೆಯದ ಒಂದು ಕೊಳ. ಅದಕ್ಕೆ ಇಳಿಯಲು ಅಗಲವಾದ ಮೆಟ್ಟಿಲು, ಸ್ಟೀಲಿನ ಕಂಬಿ, ಗಾಲಿಕುರ್ಚಿ ಇಳಿಯುವಂಥ ಇಳಿಜಾರು. ಅಲ್ಲಿ ಈಜು ಕಲಿಸಲು ಪುರಸಭೆಯಿಂದಲೇ ಒಬ್ಬ ಟೀಚರು. ಅಧ್ಯಕ್ಷರು ಮೊದಲು ಬಂದದ್ದು ಈಜಕ್ಕನ ಮನೆಗೇ. ಸಣ್ಣವನಿದ್ದಾಗ ಅವಳ ಹಗ್ಗದ ತುದಿಯಲ್ಲಿ ಒದ್ದಾಡಿದವನಲ್ಲವೇ.

"ಅಕ್ಕ, ನೀವೇ ಬರಬೇಕು. ಆದ್ರೆ ಮೊದಲು ದೊಡ್ಡ ಊರಲ್ಲಿ ಕೆಲವು ವಾರ ತರಬೇತಿ ತಗೋಬೇಕಂತೆ. ನಿಯಮ."

ಈಜಕ್ಕ ಗಟ್ಟಿಯಾಗಿ ನಕ್ಕಳು. "ಮೀನಿಗೆ ಈಜು ಕಲಿಸ್ತೀರಾ? ನಾನು ಯಾರ ಹತ್ರಾನೂ ಕಲಿಯೋಕೆ ಹೋಗಲ್ಲ. ಬೇಕಿದ್ರೆ ಅವರೇ ಬರಲಿ ನನ್ನ ಹತ್ರ."

ಅಧ್ಯಕ್ಷರು ಕಾಫಿ ಕುಡಿದು ಹೋದರು. ಇನ್ನೊಂದು ಸಲ ಬಂದೇ ಬರುತ್ತಾರೆ, ಬಂದು ಗೋಗರೆಯುತ್ತಾರೆ, ಆಗ ಒಲ್ಲದ ಮನಸ್ಸಿನಿಂದ ಎಂಬಂತೆ ಒಪ್ಪಿದರಾಯಿತು ಎಂದು ಈಜಕ್ಕ ಲೆಕ್ಕ ಹಾಕಿದ್ದಳು. ಸಂಜೆಯಾದರೆ ಜಗಲಿ ಗುಡಿಸಿ, ಒಳ್ಳೆಯ ಲೋಟ ತೊಳೆದಿಟ್ಟು ಕಾದಳು. ಅವರು ಬರಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ ಓರಗಿತ್ತಿ ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕ, ತರಬೇತಿಗೆ ಹೋಗಿ ಬರ್ತೀನಿ. ನೀವು ಬೇಡ ಅಂದ್ರಂತೆ, ಅದಕ್ಕೆ ನಾನೇ ಹೋಗಿ ಕೇಳಿದೆ. ತಪ್ಪು ತಿಳೀಬೇಡಿ."

"ತಪ್ಪೇನು ಬಂತು? ಹೋಗು, ಒಳ್ಳೇದಾಗಲಿ," ಎಂದು ಈಜಕ್ಕ ನಕ್ಕಳು. ಆ ನಗುವಿಗೆ ದವಡೆ ನೋಯಿತು. ಬಾಗಿಲಿಗೆ ಬಂದದ್ದನ್ನು ಕಾಲಲ್ಲಿ ಒದ್ದವಳು ತಾನೇ ಎಂಬುದು ಗೊತ್ತಿದ್ದರಿಂದ ಉರಿ ಇಮ್ಮಡಿಯಾಯಿತು. ಬೈಯಲು ಬೇರೆ ಯಾರೂ ಇರಲಿಲ್ಲ.

ಕೆಲಸ ಶುರುವಾಯಿತು. ಸಮುದ್ರದ ತಳಕ್ಕೆ ಕಂಬ ಇಳಿಸುವ ಯಂತ್ರ ಹಗಲೆಲ್ಲ ಗುದ್ದಿ ಗುದ್ದಿ, ಮನೆಯ ಕಪಾಟಿನಲ್ಲಿ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹಳೆಯ ಮೆಟ್ಟಿಲಿನ ಕಲ್ಲುಗಳನ್ನು ಕ್ರೇನು ಕಿತ್ತು, ಚಿಪ್ಪು ಅಂಟಿದ ಹಾಗೆಯೇ ಎತ್ತಿ ಲಾರಿಗೆ ಹಾಕಿದ್ದನ್ನು ಈಜಕ್ಕ ಐಸ್ ಕಾರ್ಖಾನೆಯ ಬಾಗಿಲಲ್ಲಿ ನಿಂತು ನೋಡಿದಳು. ಕೊಕ್ಕೆ ಕೈಯಲ್ಲೇ ಇತ್ತು, ದಿಮ್ಮಿ ಕರಗುತ್ತಿತ್ತು. ಮೇಸ್ತ್ರಿ ಎರಡು ಸಲ ಕೂಗಿದ ಮೇಲೆ ಒಳಗೆ ಬಂದಳು.

ಎಲ್ಲ ಮುಗಿದಾಗ ಕಡಲಂಚು ಗುರುತೇ ಸಿಗದಂತಾಗಿತ್ತು. ಕಸದ ಗುಂಡಿಯಿದ್ದಲ್ಲಿ ಕಲ್ಲುಬೆಂಚುಗಳು, ಬಲೆ ಕೊಳೆಯುತ್ತಿದ್ದಲ್ಲಿ ಎಳೆಯ ಮರಗಳು, ಉಪ್ಪು ತೊಳೆದುಕೊಳ್ಳಲು ಸಿಹಿನೀರಿನ ನಲ್ಲಿ. ಕಾಂಕ್ರೀಟಿನ ಹೊಸ ಧಕ್ಕೆ ನೇರವಾಗಿ ಆಳಕ್ಕೆ ಚಾಚಿಕೊಂಡಿತ್ತು, ತುದಿಯಲ್ಲಿ ಅಲೆಯೊಡನೆ ಏರಿಳಿಯುವ ತೇಲುಕಟ್ಟೆ. ಊರಿನವರು ಕೆಲಸವಿಲ್ಲದಿದ್ದರೂ ಬಂದು ಕಂಬಿ ಸವರಿ ಹೋಗುತ್ತಿದ್ದರು. ಕೊಳದಲ್ಲಿ ಕಿತ್ತಳೆ ಬಣ್ಣದ ಅಂಗಿ, ಕೊರಳಲ್ಲಿ ಸೀಟಿ ಹಾಕಿಕೊಂಡು ಓರಗಿತ್ತಿ. ಮಕ್ಕಳು ಅವಳನ್ನು "ಟೀಚರ್, ಟೀಚರ್" ಎಂದು ಕರೆಯುವುದು ಐಸ್ ಕಾರ್ಖಾನೆಯವರೆಗೆ ಕೇಳುತ್ತಿತ್ತು. ತನ್ನನ್ನು ಯಾರೂ ಹಾಗೆ ಕರೆದಿರಲಿಲ್ಲವಲ್ಲ ಎಂದು ಈಜಕ್ಕನಿಗೆ ಆಗ ಹೊಳೆಯಿತು. ಅಕ್ಕ ಎಂದು ಯಾರನ್ನಾದರೂ ಕರೆಯಬಹುದು. ಟೀಚರ್ ಎಂದರೆ ಮೊಹರು ಬಿದ್ದ ಹಾಗೆ.

"ಆ ಸೀಟಿ ಯಾಕೆ ಅಂತೀನಿ. ಅವಳೇನು ಬಸ್ ಕಂಡಕ್ಟರಾ?" ಎಂದಳು ರಾತ್ರಿ ಊಟ ಬಡಿಸುತ್ತ.

ಗಂಡ ತಟ್ಟೆಯಿಂದ ತಲೆ ಎತ್ತದೆ, "ನಿನ್ನನ್ನೂ ಕರೆದಿದ್ರಲ್ಲ," ಎಂದ.

"ಒಂದೇ ಸಲ ಕರೆದ್ರು."

"ಮತ್ತೆಷ್ಟು ಸಲ ಕರೀಬೇಕು? ನೀನೇನು ಮದುವೇಲಿ ಮುನಿಸಿಕೊಂಡ ಬೀಗಿತಿಯಾ?"

ಅತ್ತೆ ನಗು ತಡೆಯಲು ನೀರು ಕುಡಿದಳು. ಈಜಕ್ಕ ಸೌಟನ್ನು ಪಾತ್ರೆಗೆ ಕುಕ್ಕಿದಳು. ಕಾರ್ಖಾನೆಯಲ್ಲೂ ಅದೇ ಪಾಡು. ಜೊತೆಯ ಹೆಂಗಸು ಅವಳ ಮುಖ ನೋಡಿ, "ಐಸ್ ಪಕ್ಕ ನಿಂತ್ರೂ ನಿನ್ನಿಂದ ಹೊಗೆ ಬರ್ತಿದೆಯಲ್ಲೇ," ಎಂದು ಕಿಚಾಯಿಸಿದಳು. ಈಜಕ್ಕ ದಿಮ್ಮಿಯನ್ನು ಎಳೆದ ರಭಸಕ್ಕೆ ಅದು ಇಬ್ಭಾಗವಾಯಿತು.

ಆ ದಿನಗಳಲ್ಲಿ ಅತ್ತೆ ಮಧ್ಯಾಹ್ನವಾದರೆ ಪಕ್ಕದ ಮನೆಗೆ ಹೋಗುವುದು ರೂಢಿಯಾಗಿತ್ತು. "ಅವಳ ಮಷಿನ್ ಹತ್ರ ಕೂತ್ಕೊಂಡಿರ್ತೀನಿ. ಹೊತ್ತು ಹೋಗುತ್ತೆ." ಸಂಜೆ ಬಂದಾಗ ಮುದುಕಿಯ ಹಿಮ್ಮಡಿಯಲ್ಲಿ ಬಿಳಿ ಉಪ್ಪಿನ ಗೆರೆ ಇರುತ್ತಿತ್ತು, ಹಸಿವೂ ಜಾಸ್ತಿಯಾಗಿತ್ತು. ಈಜಕ್ಕ ಗಮನಿಸಿದರೂ ಅದರ ಅರ್ಥ ಹೊಳೆಯಲಿಲ್ಲ. ಒಂದು ದಿನ ಕಾರ್ಖಾನೆಯ ಕಂಪ್ರೆಸರ್ ಕೆಟ್ಟು ಎಲ್ಲರನ್ನೂ ಬೇಗ ಮನೆಗೆ ಕಳಿಸಿದರು. ಈಜಕ್ಕ ಹೊಸ ಕಡಲಂಚಿನ ದಾರಿ ಹಿಡಿದಳು. ಕೊಳದಲ್ಲಿ ಹೆಂಗಸರ ಗುಂಪಿತ್ತು. ಕಂಬಿ ಬಿಡದ ಅಂಚೆ ಕಚೇರಿಯವಳು, ಗಾಲಿಕುರ್ಚಿಯಿಂದ ಇಳಿದು ನೀರಲ್ಲಿ ಕೂತ ಔಷಧದಂಗಡಿಯವನ ತಂಗಿ... ಅವರ ನಡುವೆ ಒಬ್ಬಳು ನೀರಿನ ಮೇಲೆ ಅಂಗಾತ ಮಲಗಿದ್ದಳು. ಓರಗಿತ್ತಿಯ ಅಂಗೈ ಅವಳ ಕತ್ತಿನ ಕೆಳಗಿತ್ತು. ಬಿಳಿ ಕೂದಲು ನೀರಲ್ಲಿ ಹರಡಿತ್ತು, ಕಣ್ಣು ಮುಚ್ಚಿತ್ತು.

ಅತ್ತೆ.

ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ಈಜಕ್ಕ ಈ ಮನೆಗೆ ಬಂದಾಗಿನಿಂದ ಒಮ್ಮೆಯೂ ಕಂಡಿರಲಿಲ್ಲ. ಎಷ್ಟು ಬೇಸಿಗೆ ಕರೆದಿದ್ದಳು, ಎಷ್ಟು ಬೇಡಿದ್ದಳು. ತನಗೆ ಕೈ ಮುಗಿದ ಮುದುಕಿ ಇವಳ ಅಂಗೈಯಲ್ಲಿ ತಲೆಯಿಟ್ಟು ಮಲಗಿದ್ದಾಳೆ. ಊರೆಲ್ಲ ಕೈಬಿಟ್ಟು ಹೋದಾಗಲೂ ಇಷ್ಟು ನೋವಾಗಿರಲಿಲ್ಲ. ಈಜಕ್ಕ ಯಾರಿಗೂ ಕಾಣದಂತೆ ಮರದ ಮರೆಯಿಂದ ಮನೆಗೆ ನಡೆದಳು. ಸಂಜೆ ಅತ್ತೆ ಒಣ ಬಟ್ಟೆ ಉಟ್ಟು ಬಂದು, "ಇವತ್ತು ಅವಳ ಹತ್ರ ಹೊಲಿಗೆ ಜಾಸ್ತಿ ಇತ್ತಪ್ಪ," ಎಂದಳು. "ಹೌದಾ ಅತ್ತೆ," ಎಂದಳು ಈಜಕ್ಕ.

ಮಾರನೆಯ ದಿನ ಅವಳು ಕೆಲಸದ ನಡುವೆಯೇ ಎದ್ದು ಬಂದು ಕೊಳದ ಮೇಲಿನ ಕಂಬಿಗೆ ಮೊಣಕೈ ಊರಿ ನಿಂತಳು. ಹೆಂಗಸರೆಲ್ಲ ನೀರಲ್ಲಿದ್ದರು, ಅತ್ತೆಯೂ ಇದ್ದಳು.

"ನಿಮ್ಮ ಟೀಚರು ಹೇಗೆ ಕಲಿತ್ಲು ಅಂತ ಹೇಳಿದ್ದಾಳಾ?" ಎಂದಳು, ಎಲ್ಲರಿಗೂ ಕೇಳುವಂತೆ. "ಹೇಳಿರಲ್ಲ ಬಿಡಿ. ನೀರು ಕಂಡ್ರೆ ಅಮ್ಮಾ ಅಂತ ಕಿರುಚೋಳು. ನನ್ನ ಕೂದಲು ಹಿಡ್ಕೊಂಡು ಜೋತಾಡೋಳು. ಭಯಕ್ಕೆ ನಿಂತಲ್ಲೇ ಉಚ್ಚೆ ಹೊಯ್ಕೊಂಡಿದ್ಲು. ಅಂಥವಳು ಈಗ ನಿಮಗೆ ಕಲಿಸ್ತಾ ಇದ್ದಾಳೆ."

ಯಾರೂ ನಗಲಿಲ್ಲ. ಓರಗಿತ್ತಿಯ ಮುಖ ಕೆಂಪೇರಿತು. "ನಿಜ. ಅಕ್ಕ ಹೇಳಿದ್ದೆಲ್ಲ ನಿಜ. ಎಷ್ಟೋ ದಿನ ಸ್ನಾನಕ್ಕೆ ತಲೆ ಮೇಲೆ ನೀರು ಹಾಕ್ಕೊಳ್ಳೋಕೂ ಹೆದರ್ತಿದ್ದೆ," ಎಂದಳು.

ಅಂಚೆ ಕಚೇರಿಯವಳು ಕೇಳಿದಳು: "ನಿಮಗೂ ಹಾಗೇ ಆಗಿತ್ತಾ ಟೀಚರ್? ನನಗೊಬ್ಬಳಿಗೇ ಅಂದ್ಕೊಂಡಿದ್ದೆ." ಕೇಳುತ್ತ ಕೇಳುತ್ತ, ಸೇರಿದಂದಿನಿಂದ ಬಿಡದಿದ್ದ ಕಂಬಿಯನ್ನು ಬಿಟ್ಟು ಅವಳು ಒಂದು ಹೆಜ್ಜೆ ಮುಂದೆ ಬಂದಳು. ಉಳಿದವರು ಕೈ ಚಾಚಿ ಅವಳನ್ನು ಹಿಡಿದರು.

ಕೆಡಿಸಲು ಆಡಿದ ಮಾತು ಅಲ್ಲಿ ಉಪಕಾರವಾಗಿ ಹೋಯಿತು. ಈಜಕ್ಕ ಕಂಬಿಯ ಬಳಿ ನಿಂತೇ ಇದ್ದಳು, ಕೆಳಗಿನವರ್ಯಾರೂ ಅವಳ ಕಡೆ ನೋಡಲಿಲ್ಲ. ಅತ್ತೆಯೊಬ್ಬಳು ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಸಂಜೆ ಹಿತ್ತಿಲಲ್ಲಿ ಈಜಕ್ಕ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಾಗ ಓರಗಿತ್ತಿ ಬಂದು ಹಗ್ಗದ ಆಚೆ ನಿಂತಳು.

"ಅಕ್ಕ, ನಾನು ಅತ್ತಿದ್ದು ಹೇಳಿದ್ರಿ. ನೀವು ನೂಕಿದ್ದು ಹೇಳಲಿಲ್ಲ."

"ನೂಕದಿದ್ರೆ ನೀನು ಕಲೀತಿದ್ಯಾ?"

"ಗೊತ್ತಿಲ್ಲ. ಆದ್ರೆ ಇವತ್ತಿಗೂ ಬೆನ್ನ ಹಿಂದೆ ಯಾರಾದ್ರೂ ನಿಂತ್ರೆ ಮೈ ನಡುಗುತ್ತೆ. ಮಷಿನ್ನನ್ನ ಗೋಡೆಗೆ ಬೆನ್ನು ಕೊಟ್ಟು ಕೂರೋ ಹಾಗೆ ಇಟ್ಕೊಂಡಿರೋದು ಅದಕ್ಕೇ."

ಬೆಳಕಿಗಾಗಿ ಹಾಗೆ ಇಟ್ಟಿದ್ದಾಳೆ ಎಂದೇ ಈಜಕ್ಕ ತಿಳಿದಿದ್ದಳು. ಬೆಳಕು ಬರುತ್ತಿದ್ದದ್ದು ಇನ್ನೊಂದು ಬದಿಯಿಂದ ಎಂಬುದು ಈಗ ನೆನಪಾಯಿತು. ಓರಗಿತ್ತಿ ಅಳಲಿಲ್ಲ, ದನಿ ಏರಿಸಲೂ ಇಲ್ಲ. ತನ್ನ ಬಟ್ಟೆಗಳನ್ನು ತೋಳಿಗೆ ಹಾಕಿಕೊಂಡು ಒಳಗೆ ಹೋದಳು. ನಾಚಿಕೆಯಾದರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ಈಜಕ್ಕನಿಗೆ ಆ ರಾತ್ರಿ ಎರಡೂ ಒಟ್ಟಿಗೇ ಇದ್ದವು. ಒಂದು ಮಗ್ಗುಲಿಗೆ ತಿರುಗಿದರೆ ನಾಚಿಕೆ, ಇನ್ನೊಂದಕ್ಕೆ ತಿರುಗಿದರೆ ಕಿಚ್ಚು.

ಎರಡು ಮನೆಗಳ ನಡುವೆ ಮಾತು ನಿಂತಿತು. ಅಣ್ಣತಮ್ಮಂದಿರು ಮಾತ್ರ ಏನೂ ಗೊತ್ತಿಲ್ಲದವರಂತೆ ಹಿತ್ತಿಲಲ್ಲಿ ಕೂತು ಎಂಜಿನ್ನಿನ ವಿಷಯ ಮಾತಾಡುತ್ತಿದ್ದರು. ಅತ್ತೆ ಈಗ ಮುಚ್ಚುಮರೆಯಿಲ್ಲದೆ ಟವೆಲು ಹೆಗಲಿಗೆ ಹಾಕಿಕೊಂಡೇ ಕೊಳಕ್ಕೆ ಹೊರಡುತ್ತಿದ್ದಳು. ಹೀಗೇ ಒಂದು ಭಾನುವಾರ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಮುದುಕಿ ಕೇಳಿದಳು:

"ನನ್ನನ್ನ ಧಕ್ಕೆಯ ತುದೀಲಿ ನೀರಿಗಿಳಿಸ್ತೀಯಾ?"

ಈಜಕ್ಕನ ಕೈ ನಿಂತಿತು. "ತುದೀಲಾ? ಅಲ್ಲಿ ಆಳ ಅತ್ತೆ."

"ಅದಕ್ಕೇ. ಕೊಳದಲ್ಲಿ ಕಾಲು ಊರಿದ್ರೆ ನೆಲ ಸಿಗುತ್ತೆ. ನೆಲ ಸಿಗದ ಕಡೆ ಒಂದು ಸಲ ತೇಲಬೇಕು. ನಿಮ್ಮ ಮಾವ ದಿನಾ ಹೋಗ್ತಿದ್ದ ನೀರು. ಹೇಗಿರುತ್ತೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ."

"ನಿಮ್ಮ ಟೀಚರನ್ನೇ ಕೇಳಿ."

"ಕೇಳಿದೆ. ಆಳದಲ್ಲಿ ನನ್ನ ಎದೇನೇ ಹೊಡ್ಕೊಳ್ಳುತ್ತೆ ಅತ್ತೆ, ನಿಮ್ಮನ್ನ ಹೇಗೆ ಹಿಡೀಲಿ, ಅಕ್ಕನ್ನ ಕೇಳಿ ಅಂದ್ಲು."

ಈಜಕ್ಕನ ಒಳಗೆ ಏನೋ ಕುಣಿಯಿತು. ಅವಳಿಗೆ ಆಗುವುದಿಲ್ಲ, ತನಗೆ ಆಗುತ್ತದೆ. ಎಷ್ಟೋ ದಿನಗಳ ಮೇಲೆ ಅಂಥ ಖುಷಿ. ಒಳ್ಳೆಯ ಖುಷಿಯಲ್ಲ, ಆದರೂ ಖುಷಿಯೇ. ಅಷ್ಟರಲ್ಲಿ ಅತ್ತೆ ಮಾತು ಮುಂದುವರಿಸಿದಳು: "ಆದ್ರೆ ನೂಕಬಾರದು. ಹೇಳದೆ ಕೈ ಬಿಡಬಾರದು. ಹಾಗಾದ್ರೆ ಮಾತ್ರ."

ಅತ್ತೆಗೆ ಎಲ್ಲ ಗೊತ್ತಿತ್ತು. ಬಹುಶಃ ಮೊದಲಿನಿಂದಲೂ.

ಒಪ್ಪಿಕೊಂಡ ಮೇಲೆ ಈಜಕ್ಕನಿಗೆ ದಿಗಿಲಾಯಿತು. ಹಗ್ಗವಿಲ್ಲದೆ, ನೂಕದೆ, ಹೆದರಿದ ಒಬ್ಬರನ್ನು ನೀರಲ್ಲಿ ಹಿಡಿಯುವುದು ಹೇಗೆ? ಇಷ್ಟು ವರ್ಷ ಯಾರನ್ನೂ ಅವಳು ಹಿಡಿದೇ ಇರಲಿಲ್ಲ. ಎರಡು ದಿನ ಚಡಪಡಿಸಿ, ಮೂರನೆಯ ದಿನ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತಳು. ಆ ಕೆಲವು ಹೆಜ್ಜೆ ನಡೆಯುವುದಕ್ಕಿಂತ ಐಸಿನ ದಿಮ್ಮಿ ಬೆನ್ನ ಮೇಲೆ ಹೊರುವುದು ಸುಲಭವಿತ್ತು. ಒಳಗೆ ಹೊಲಿಗೆ ಮಷಿನ್ನಿನ ಸದ್ದು ನಿಂತಿತು.

"ಅತ್ತೇನ ಹೇಗೆ ಹಿಡ್ಕೋತೀಯ? ತೋರಿಸು."

ಓರಗಿತ್ತಿ ಅವಳ ಮುಖ ನೋಡಿದಳು. ನೆಲದ ಮೇಲಿದ್ದ ಬಟ್ಟೆಯ ತುಂಡುಗಳನ್ನು ಬದಿಗೆ ಸರಿಸಿ ಚಾಪೆ ಹಾಸಿದಳು. "ಮಲಗಿ."

ಈಜಕ್ಕ ಅಂಗಾತ ಮಲಗಿದಳು. ಓರಗಿತ್ತಿ ತಲೆಯ ಬಳಿ ಕೂತು ಕತ್ತಿನ ಕೆಳಗೆ ಅಂಗೈ ಇಟ್ಟಳು. "ಈಗ ತಲೆ ನನ್ನ ಕೈಗೆ ಕೊಡಿ."

"ಕೊಟ್ಟಿದ್ದೀನಲ್ಲ."

"ಇಲ್ಲ ಅಕ್ಕ, ನೀವೇ ಹಿಡ್ಕೊಂಡಿದ್ದೀರಿ. ಬಿಡಿ."

ಬಿಡಲು ಬರಲಿಲ್ಲ. ಕತ್ತು ಮರದ ಕೊರಡಿನ ಹಾಗೆ ಬಿಗಿದೇ ಇತ್ತು. ತನ್ನ ತಲೆಯನ್ನು ಯಾರಾದರೂ ಹೀಗೆ ಹಿಡಿದದ್ದು ಯಾವಾಗ ಎಂದು ನೆನಪು ಮಾಡಿಕೊಂಡಳು. ಸಿಗಲಿಲ್ಲ. ಸಿಕ್ಕಿದ್ದು ದೊಡ್ಡಪ್ಪ ದೋಣಿಯಿಂದ ತನ್ನನ್ನು ಎತ್ತಿ ನೀರಿಗೆ ಎಸೆದದ್ದು, ದೋಣಿಯಲ್ಲಿದ್ದವರೆಲ್ಲ ನಕ್ಕದ್ದು. ಮೇಲೆ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಮುಖ ನೋಡಿ ಹೇಳಲಾಗದ್ದನ್ನು ಫ್ಯಾನಿಗೆ ಹೇಳುವುದು ಸುಲಭವೆನಿಸಿತು.

"ಅವತ್ತು ನಿನ್ನನ್ನ ನೂಕಬಾರದಿತ್ತು."

"ಹೌದು," ಎಂದಳು ಓರಗಿತ್ತಿ. "ನೂಕಬಾರದಿತ್ತು."

ಪರವಾಗಿಲ್ಲ ಬಿಡಿ ಎಂದು ಅವಳು ಹೇಳಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಈಜಕ್ಕನ ಕತ್ತು ತನ್ನಷ್ಟಕ್ಕೆ ಸಡಿಲವಾಯಿತು.

ನೀರು ಅಲುಗದ ಒಂದು ಬೆಳಿಗ್ಗೆ ನೋಡಿ ಅತ್ತೆಯನ್ನು ಧಕ್ಕೆಯ ತುದಿಗೆ ಕರೆದೊಯ್ದರು. ತೇಲುವ ಜಾಕೆಟ್ ಹಾಕಲೇಬೇಕೆಂದು ಓರಗಿತ್ತಿ ಹಟ ಹಿಡಿದಳು. ಅದು ಹಾಕಿದರೆ ಮೂಟೆಯ ಹಾಗೆ ಕಾಣುತ್ತೇನೆ ಎಂದು ಅತ್ತೆ ಜಗಳ ತೆಗೆದಳು. ಕೊನೆಗೆ ಜಾಕೆಟ್ ಗೆದ್ದಿತು. ಓರಗಿತ್ತಿ ತೇಲುಕಟ್ಟೆಯ ಮೇಲೆ, ಮುಳುಗುವವರಿಗೆ ಎಸೆಯುವ ರಬ್ಬರ್ ಬಳೆ ಹಿಡಿದು ನಿಂತಳು, ಮುಖ ಬಿಳಿಚಿತ್ತು. ಈಜಕ್ಕ ಮೊದಲು ನೀರಿಗಿಳಿದಳು. ಟಿಕೆಟ್ಟಿನವನು, ಲಾಂಚಿನ ಪ್ರಯಾಣಿಕರು, ಬಲೆ ಇಳಿಸುತ್ತಿದ್ದವರು ಎಲ್ಲ ಕಂಬಿಯುದ್ದಕ್ಕೂ ಸೇರಿದರು. ಅತ್ತೆ ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿದು, ಕಾಲಿನ ಕೆಳಗೆ ಏನೂ ಸಿಗದಿದ್ದಾಗ ಈಜಕ್ಕನ ಜಡೆಯನ್ನು ಬಿಗಿಯಾಗಿ ಹಿಡಿದಳು. ಈಜಕ್ಕನ ಕಣ್ಣಲ್ಲಿ ನೀರು ಬಂತು, ನೋವಿಗೆ. ಹಳೆಯ ಅಭ್ಯಾಸದಿಂದ ಅವಳ ಕೈ ಆ ಮುಷ್ಟಿಯನ್ನು ಬಿಡಿಸಿ ತಳ್ಳಲು ಏಳುತ್ತಿತ್ತು. ತಡೆದುಕೊಂಡಳು.

"ಈಗ ನಿಮ್ಮ ಸೊಂಟದಿಂದ ಕೈ ತೆಗೀತೀನಿ ಅತ್ತೆ. ಕತ್ತಿನ ಕೆಳಗಿನ ಕೈ ಇರುತ್ತೆ."

"ಬೇಡ."

"ಸರಿ."

ಕಾದಳು. ಈಜು ಕಲಿಸುವುದರಲ್ಲಿ ಕಾಯುವುದೂ ಒಂದು ಭಾಗ ಎಂದು ಅವಳಿಗೆ ಗೊತ್ತಿರಲಿಲ್ಲ. ಲಾಂಚಿನವನು ಹೊರಡುವ ಹೊತ್ತು ಮೀರಿದರೂ ಹಾರನ್ ಹೊಡೆಯದೆ ಕೂತಿದ್ದ. ಕೊನೆಗೆ ಅತ್ತೆ ಜಡೆ ಬಿಟ್ಟು, "ಹೂಂ," ಎಂದಳು. ಈಜಕ್ಕ ಒಂದು ಕೈ ತೆಗೆದಳು. ಮತ್ತೆ ಕೇಳಿದಳು, ಮತ್ತೆ ಕಾದಳು, ಇನ್ನೊಂದು ಕೈಯನ್ನೂ ತೆಗೆದಳು. ಮುದುಕಿ ಕೈಕಾಲು ಚಾಚಿ ಆಕಾಶ ನೋಡುತ್ತ ಆಳದ ಮೇಲೆ ಮಲಗಿದ್ದಳು.

"ಇಷ್ಟೇನಾ?" ಎಂದಳು ಅತ್ತೆ ಆಕಾಶಕ್ಕೆ. "ಇಷ್ಟಕ್ಕೇನಾ ನಿಮ್ಮ ಮಾವ ಅಷ್ಟು ಜಂಬ ಮಾಡ್ತಿದ್ದಿದ್ದು?"

ಧಕ್ಕೆಯ ಮೇಲೆ ನಗುವಿನ ಅಲೆ ಎದ್ದಿತು. ತೇಲುಕಟ್ಟೆಯ ಮೇಲೆ ಓರಗಿತ್ತಿ ಕುಕ್ಕರಿಸಿ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಮನೆಗೆ ಬಂದಾಗ ದೊಡ್ಡ ಮಗ, "ಯಾರ ಕೈ ಚೆನ್ನಾಗಿತ್ತಮ್ಮ?" ಎಂದು ಬೇಕೆಂದೇ ಕೇಳಿದ. "ಚಿಕ್ಕವಳದ್ದು ಮೆತ್ತಗಿದೆ," ಎಂದಳು ಅತ್ತೆ, ಒಂದು ಕ್ಷಣವೂ ಯೋಚಿಸದೆ. ಈಜಕ್ಕನ ಎದೆಯಲ್ಲಿ ಚುಳ್ಳೆಂದಿತು.

ಮುಂದಿನ ವರ್ಷ ಈಜಕ್ಕ ತನ್ನ ಚೀಲ ಕಟ್ಟಿಕೊಂಡು ತರಬೇತಿಗೆ ಹೋದಳು. ಮಕ್ಕಳ ವಯಸ್ಸಿನವರ ಜೊತೆ ಕೂತು, ಮುಳುಗಿದವರ ಉಸಿರು ಮರಳಿಸುವುದನ್ನು ಗೊಂಬೆಯ ಮೇಲೆ ಕಲಿತಳು. ಧಕ್ಕೆಯ ತುದಿಯ ಆಳದ ತರಗತಿ ಅವಳದಾಯಿತು. ಕೊಳದಲ್ಲಿ ಕಲಿತು ಧೈರ್ಯ ಬಂದವರು ಅವಳ ಬಳಿ ಬರುತ್ತಿದ್ದರು. ಹುದ್ದೆಯಲ್ಲಿ ಮಾತ್ರ ಅವಳು ಓರಗಿತ್ತಿಯ ಕೈಕೆಳಗೆ. ಅದನ್ನು ಅವಳು ನುಂಗಿಕೊಂಡಳೇ ಹೊರತು ಅರಗಿಸಿಕೊಳ್ಳಲಿಲ್ಲ. ಕೊಳದಲ್ಲಿ ಜನ ಹೆಚ್ಚಾಗಿ ಕಂಡ ದಿನ ಅವಳ ಮಾತು ಒರಟಾಗಿ ಬರುತ್ತಿತ್ತು. ಆದರೆ ಹೇಳದೆ ಯಾರ ಮೇಲಿಂದಲೂ ಕೈ ತೆಗೆಯಲಿಲ್ಲ, ಓರ‍ಗಿತ್ತಿಯನ್ನು ಮಾತಾಡಿಸಬೇಕಾದಾಗ ಸುತ್ತು ಹಾಕಿ ಅವಳ ಎದುರಿಗೆ ಬಂದು ನಿಲ್ಲುತ್ತಿದ್ದಳು.

ಒಮ್ಮೆ ಓರಗಿತ್ತಿ ಜ್ವರ ಬಂದು ಮಲಗಿದಳು. ಈಜಕ್ಕನೇ ಕೊಳದ ಹೆಂಗಸರನ್ನು ನೋಡಿಕೊಂಡಳು. ಅವರು ಹೇಳಿದಂತೆ ಕೇಳಿದರು, ಬಹಳ ಮರ್ಯಾದೆಯಿಂದ ನಡೆದುಕೊಂಡರು, ಮತ್ತು ಪ್ರತಿ ದಿನವೂ ಹೊರಡುವಾಗ ಟೀಚರ್ ಯಾವಾಗ ಬರ್ತಾರೆ ಎಂದು ಕೇಳಿದರು. ಈಜಕ್ಕ ಗಂಜಿಯ ಬಟ್ಟಲು ಹಿಡಿದು ಬಂದು ಹಾಸಿಗೆಯ ಪಕ್ಕ ಧೊಪ್ಪನೆ ಕೂತಳು.

"ಬೇಗ ಏಳು ಮಾರಾಯ್ತಿ. ನಿನ್ನ ಹೆಂಗಸರು ನನ್ನ ತಲೆ ತಿಂದು ಹಾಕಿದ್ರು. ಟೀಚರ್, ಟೀಚರ್, ಟೀಚರ್."

ಓರಗಿತ್ತಿ ಜ್ವರದಲ್ಲೂ ನಕ್ಕಳು. "ಹೊಟ್ಟೆಕಿಚ್ಚಾ ಅಕ್ಕ?"

"ಇಲ್ದೆ ಏನು," ಎಂದಳು ಈಜಕ್ಕ. ಗಂಜಿ ಇನ್ನೂ ಬಿಸಿಯಾಗಿತ್ತು. ಚಮಚದಲ್ಲಿ ಎತ್ತಿ, ಊದಿ, ಅವಳ ಬಾಯಿಗೆ ಹಿಡಿದಳು.